ಮೂಗರ್ಜಿಯೂ ಮಕ್ಕಳ ದೂರೂ

ನಮ್ಮ ಕಛೇರಿಗಳ ಭಾಷೆಯಲ್ಲಿ ಹಳೆಯದೊಂದು ಮಾತುಂಟು: ಮೂಗರ್ಜಿ. ಬರೆದವರ ಹೆಸರಾಗಲಿ ರುಜುವಾಗಲಿ ಇಲ್ಲದ ಅರ್ಜಿಗೆ ಈ ಹೆಸರು. ಬಾಯಿ ಇದ್ದೂ ಮಾತನಾಡಲಾರದವನ ಅರ್ಜಿ ಎಂಬ ಕನಿಕರದ ಅರ್ಥವನ್ನು ಈ ಪದದಿಂದ ಹೊರಡಿಸಬಹುದಾದರೂ ಲೋಕದಲ್ಲಿ ಅದಕ್ಕಿರುವುದು ತಿರಸ್ಕಾರದ ಅರ್ಥವೇ. ಮೂಗರ್ಜಿ ಬರೆಯುವವನು ಹೇಡಿ, ಹೊಟ್ಟೆಕಿಚ್ಚಿನವನು, ಮರೆಯಲ್ಲಿ ನಿಂತು ಕಲ್ಲೆಸೆಯುವವನು ಎಂದು ನಾವೆಲ್ಲರೂ ನಂಬಿದ್ದೇವೆ. ಈಗಲಾದರೋ ಇಂತಹ ಅರ್ಜಿಗಾಗಿಯೇ ಒಂದು ಪೆಟ್ಟಿಗೆಯನ್ನು ಮಾಡಿಸಿ, ಬೀಗ ಹಾಕಿ, ಶಾಲೆಯ ಮೊಗಸಾಲೆಯಲ್ಲಿಟ್ಟು, “ಮಕ್ಕಳೇ, ನಿಮಗೆ ತಿಳಿದ ಅನ್ಯಾಯವನ್ನು ಹೆಸರು ಹಾಕದೆಯೇ ಬರೆದು ಇದರೊಳಗೆ ಹಾಕಿರಿ” ಎಂದು ಹೇಳುವ ಕಾಲ ಬಂದಿದೆ. ಇದು ಸರಿಯೆ? ಸತ್ಯವನ್ನು ಎದೆಯೆತ್ತಿ ನುಡಿಯಬೇಕೆಂದು ಕಲಿಸತಕ್ಕ ಸ್ಥಳದಲ್ಲಿ ಮರೆಯಿಂದ ನುಡಿಯುವುದನ್ನು ಕಲಿಸಬಹುದೆ? ಈ ಪ್ರಶ್ನೆಯನ್ನು ಹಲವು ಹಿರಿಯರು ನನ್ನೊಡನೆ ಎತ್ತಿರುವುದರಿಂದ ನನಗೆ ತೋರಿದುದನ್ನು ಇಲ್ಲಿ ಬರೆಯಲು ಮನಸ್ಸು ಮಾಡಿದ್ದೇನೆ.

ಹಿರಿಯರ ಶಂಕೆಯು ತಳ್ಳಿಹಾಕತಕ್ಕದ್ದಲ್ಲ. ಕೇಂದ್ರ ಜಾಗೃತ ಆಯೋಗವು ೧೯೯೯ರ ಜೂನ್ ೨೯ರಂದು ಸುತ್ತೋಲೆಯೊಂದನ್ನು ಹೊರಡಿಸಿ, ಹೆಸರಿಲ್ಲದ ಅಥವಾ ಸುಳ್ಳು ಹೆಸರಿನ ಅರ್ಜಿಗಳ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಕೂಡದೆಂದು ವಿಧಿಸಿತು. ಪ್ರಾಮಾಣಿಕರನ್ನು ಪೀಡಿಸುವುದಕ್ಕೆ ಮೂಗರ್ಜಿಯು ಸುಲಭವಾದ ಆಯುಧವಾಗಿದ್ದುದೇ ಇದಕ್ಕೆ ಕಾರಣ. ಯುರೋಪಿನ ವೆನಿಸ್ ನಗರದ ಪುರಾತನ ಅರಮನೆಯ ಗೋಡೆಗಳಲ್ಲಿ ಸಿಂಹಮುಖದ ಕಲ್ಲಿನ ಕಿಂಡಿಗಳಿವೆ. ಹಿಂದೆ ಆ ಪಟ್ಟಣದ ಪ್ರಜೆಗಳು ಇತರರ ಮೇಲಿನ ದೂರುಗಳನ್ನು ಗುಟ್ಟಾಗಿ ಆ ಬಾಯೊಳಗೆ ಹಾಕುತ್ತಿದ್ದರು. ಅಂತಹ ಕಿಂಡಿಗಳಿರುವ ಊರಿನಲ್ಲಿ ನೆರೆಯವನನ್ನು ಕಂಡು ನೆರೆಯವನು ಅಂಜದೆ ಇರುವುದು ಹೇಗೆ? ಶಾಲೆಯು ಅಂತಹ ಊರಾಗಬಾರದೆಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ ಒಂದು ಭೇದವನ್ನು ನಾವು ಮರೆಯಬಾರದು. ಕಛೇರಿಯಲ್ಲಿ ಅರ್ಜಿ ಬರೆಯುವವನು ಬೆಳೆದ ಮನುಷ್ಯ. ಅವನಿಗೆ ಕಾನೂನು ಗೊತ್ತು, ವಕೀಲರು ಗೊತ್ತು, ಬೇಡವೆಂದರೆ ಆ ಕೆಲಸವನ್ನು ಬಿಟ್ಟು ಬೇರೆಡೆಗೆ ಹೋಗುವ ದಾರಿಯೂ ಗೊತ್ತು. ಹನ್ನೆರಡು ವರ್ಷದ ಮಗುವಿಗೆ ಇವುಗಳಲ್ಲಿ ಯಾವುದೂ ಇಲ್ಲ. ಯಾರ ಮೇಲೆ ದೂರು ಹೇಳಬೇಕೋ ಅವರ ಪಕ್ಕದಲ್ಲಿಯೇ ಅದು ಮರುದಿನವೂ ಕುಳಿತುಕೊಳ್ಳಬೇಕು; ಅವರೊಡನೆಯೇ ಅದೇ ಬಸ್ಸನ್ನು ಹತ್ತಬೇಕು; ಕೆಲವು ವೇಳೆ ಅವರ ಮುಂದೆಯೇ ಎದ್ದುನಿಂತು ಪಾಠ ಒಪ್ಪಿಸಬೇಕು. ಬೆಳೆದವನ ಧೈರ್ಯವನ್ನು ಅಳೆಯುವ ಕೋಲಿನಿಂದ ಮಗುವಿನ ಧೈರ್ಯವನ್ನು ಅಳೆಯುವುದು ನ್ಯಾಯವಲ್ಲ.

ಈ ಮಾತನ್ನು ನಾನು ಪುಸ್ತಕ ಓದಿ ತಿಳಿದುದಲ್ಲ. ಸುಮಾರು ನಲವತ್ತು ವರ್ಷಗಳ ಹಿಂದೆ, ಕರ್ನಾಟಕದ ಒಂದು ಚಿಕ್ಕ ಪಟ್ಟಣದಲ್ಲಿ ನಾನು ಏಳನೆಯ ತರಗತಿಯಲ್ಲಿ ಓದುತ್ತಿದ್ದೆನು. ನಮ್ಮ ತರಗತಿಗೆ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗನೊಬ್ಬನಿದ್ದನು. ಅವನ ತಾಯಿ ಬಸ್ಸಿನ ಚಿಲ್ಲರೆಯನ್ನು ಕರವಸ್ತ್ರದ ತುದಿಯಲ್ಲಿ ಗಂಟುಕಟ್ಟಿ ಕಳುಹಿಸುತ್ತಿದ್ದಳು. ಮೇಲಿನ ತರಗತಿಯ ಮೂವರು ಹುಡುಗರು ಶಾಲೆಯ ಹಿಂದಿನ ನೀರಿನ ತೊಟ್ಟಿಯ ಬಳಿ ಅವನನ್ನು ನಿಲ್ಲಿಸಿ ಆ ಗಂಟನ್ನು ಬಿಚ್ಚಿಸಿಕೊಳ್ಳುತ್ತಿದ್ದರು. ಅಂದು ಸಾಯಂಕಾಲ ಅವನು ನಡೆದೇ ಊರು ಸೇರುತ್ತಿದ್ದನು. ಇದು ನಮ್ಮ ತರಗತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ದಸರೆಯ ರಜೆ ಮುಗಿದ ಮೇಲೆ ಆ ಹುಡುಗನು ಬರಲಿಲ್ಲ. ಉಪಾಧ್ಯಾಯರು ಹಾಜರಿ ಕರೆಯುತ್ತ, “ಏನಾಯಿತು ಅವನಿಗೆ? ನಿಮ್ಮಲ್ಲಿ ಯಾರಿಗಾದರೂ ಗೊತ್ತೆ?” ಎಂದು ಕೇಳಿದರು. ಮೂವತ್ತೆಂಟು ಮಂದಿ ತಲೆ ತಗ್ಗಿಸಿದೆವು. ಯಾವುದೋ ಊರಿನ ಹೋಟೆಲಿನಲ್ಲಿ ಲೋಟ ತೊಳೆಯುವುದಕ್ಕೆ ಅವನು ಸೇರಿದನೆಂದು ಆಮೇಲೆ ಕೇಳಿದೆನು. ಅವನು ಜಾಣನಾಗಿದ್ದನು; ಲೆಕ್ಕದಲ್ಲಿ ನನಗಿಂತ ಮುಂದಿದ್ದನು. ಅವನ ಓದು ನಿಂತುದಕ್ಕೆ ಆ ಮೂವರು ಎಷ್ಟು ಹೊಣೆಯೋ ತಲೆ ತಗ್ಗಿಸಿದ ಮೂವತ್ತೆಂಟು ಮಂದಿಯೂ ಅಷ್ಟೇ ಹೊಣೆಯೆಂದು ಇಂದಿಗೂ ನನಗೆ ಅನಿಸುತ್ತದೆ.

ನಾವು ಏಕೆ ಸುಮ್ಮನಿದ್ದೆವು? ನೆನೆದು ನೋಡಿದರೆ ಮೂರು ಕಾರಣಗಳು ತೋರುತ್ತವೆ. ಮೊದಲನೆಯದು, ಹೇಳಿದರೆ ನಮಗೂ ಪೆಟ್ಟು ಬಿದ್ದೀತೆಂಬ ಭಯ. ಎರಡನೆಯದು, ಚಾಡಿಕೋರನೆಂಬ ಹೆಸರು ಬಂದೀತೆಂಬ ನಾಚಿಕೆ. ಮೂರನೆಯದು, ಹೇಳಿದರೂ ದೊಡ್ಡವರು ಏನೂ ಮಾಡಲಾರರೆಂಬ ಅಪನಂಬಿಕೆ. ಇಂದಿನ ಮಕ್ಕಳ ಮೌನಕ್ಕೂ ಇವೇ ಮೂರು ಕಾರಣಗಳು. ಬೀಗ ಹಾಕಿದ ಪೆಟ್ಟಿಗೆಯು ಮೊದಲನೆಯದಕ್ಕೆ ಮಾತ್ರ ಮದ್ದು. ಉಳಿದ ಎರಡಕ್ಕೆ ಮದ್ದು ಬೇರೆ ಇದೆ. ಪೆಟ್ಟಿಗೆಯನ್ನು ತೂಗುಹಾಕಿದೊಡನೆಯೇ ಕೆಲಸ ಮುಗಿಯಿತೆಂದು ತಿಳಿಯುವುದೇ ನಾವು ಮಾಡುವ ದೊಡ್ಡ ತಪ್ಪು.

ಮೌನದ ಬೆಲೆ ಎಷ್ಟೆಂಬುದನ್ನು ನಮ್ಮ ಈ ಚೆನ್ನೈ ನಗರವೇ ಕಂಡಿದೆ. ೨೦೨೧ರ ಮೇ ತಿಂಗಳಿನಲ್ಲಿ, ಕೊರೋನಾ ನಿಮಿತ್ತ ಶಾಲೆಗಳು ಮುಚ್ಚಿ ಪಾಠಗಳು ದೂರದಿಂದಲೇ ನಡೆಯುತ್ತಿದ್ದಾಗ, ಇಲ್ಲಿಯ ಕೆಲವು ಶಾಲೆಗಳ ಈಗಿನ ಮತ್ತು ಹಿಂದಿನ ವಿದ್ಯಾರ್ಥಿಗಳು ತಮಗೆ ಆಗಿದ್ದ ಅಸಭ್ಯ ವರ್ತನೆಯ ವಿಷಯವನ್ನು ಸಾಮಾಜಿಕ ಜಾಲತಾಣಗಳಲ್ಲಿ ಬರೆಯತೊಡಗಿದರು. ಹೆಸರು ಮರೆಸಿ ಬರೆದವರೇ ಬಹಳ. ಒಬ್ಬರ ಮಾತಿನಿಂದ ಇನ್ನೊಬ್ಬರಿಗೆ ಧೈರ್ಯ ಬಂದಿತು, ಪೊಲೀಸರು ಮೊಕದ್ದಮೆ ಹೂಡಿದರು, ಬಂಧನಗಳಾದುವು. ವಿಚಾರಿಸಿ ತೀರ್ಪು ಹೇಳುವುದು ನ್ಯಾಯಾಲಯದ ಕೆಲಸ. ನಾವು ಯೋಚಿಸತಕ್ಕ ಸಂಗತಿ ಬೇರೆ. ಶಾಲೆಯೊಳಗೆ ಅಂದೇ ಹೇಳಬಹುದಾಗಿದ್ದ ಮಾತು ಎಷ್ಟೋ ವರ್ಷಗಳ ಮೇಲೆ ಜಗತ್ತಿನ ಬೀದಿಯಲ್ಲಿ ನಿಂತು ಕೂಗುವಂತಾಯಿತಲ್ಲ! ಕಿವಿಯಿಲ್ಲದ ಮನೆಯಲ್ಲಿ ಹೇಳುವುದಕ್ಕಿಂತ ಬೀದಿಯಲ್ಲಿ ಕೂಗುವುದೇ ಲೇಸೆಂದು ಆ ಮಕ್ಕಳಿಗೆ ತೋರಿರಬೇಕು.

ಅದೇ ವರ್ಷದ ಜೂನ್ ತಿಂಗಳಿನಲ್ಲಿ ತಮಿಳುನಾಡು ಸರ್ಕಾರವು ಎಲ್ಲ ಶಾಲೆಗಳಿಗೂ ಅನ್ವಯಿಸುವ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಪ್ರತಿ ಶಾಲೆಯಲ್ಲಿಯೂ ಮುಖ್ಯೋಪಾಧ್ಯಾಯರು, ಉಪಾಧ್ಯಾಯರು, ಪೋಷಕರು, ಆಡಳಿತ ಮಂಡಲಿಯವರು, ಬೋಧಕೇತರ ಸಿಬ್ಬಂದಿ ಇವರನ್ನೊಳಗೊಂಡ ವಿದ್ಯಾರ್ಥಿ ರಕ್ಷಣಾ ಸಲಹಾ ಸಮಿತಿ ಇರಬೇಕು. ಮಕ್ಕಳ ಕೈಗೆಟಕುವ ಸ್ಥಳಗಳಲ್ಲಿ ದೂರಿನ ಪೆಟ್ಟಿಗೆಗಳಿರಬೇಕು. ಬಂದ ದೂರನ್ನು ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಇಲಾಖೆಗೆ ತಿಳಿಸಬೇಕು ಎಂಬುದು ಅದರ ಸಾರ. ಆಮೇಲೆ ಸರ್ಕಾರಿ ಶಾಲೆಗಳಲ್ಲಿ ‘ಮಾಣವರ್ ಮನಸು’, ಅಂದರೆ ‘ವಿದ್ಯಾರ್ಥಿಯ ಮನಸ್ಸು’, ಎಂಬ ಅಂದವಾದ ಹೆಸರಿನ ಪೆಟ್ಟಿಗೆಗಳೂ ಬಂದುವು. ಶಾಲಾ ಶಿಕ್ಷಣ ಇಲಾಖೆಯ ೧೪೪೧೭ ಎಂಬ ದೂರವಾಣಿ ಸಂಖ್ಯೆ ೨೦೧೮ರಲ್ಲಿ ಆರಂಭವಾಯಿತು. ಮಕ್ಕಳ ಸಹಾಯಕ್ಕಾಗಿರುವ ೧೦೯೮ ಎಂಬುದು ೧೯೯೬ರಲ್ಲಿ ಮುಂಬಯಿಯಲ್ಲಿ ಪ್ರಯೋಗವಾಗಿ ಹುಟ್ಟಿ ದೇಶವನ್ನೆಲ್ಲ ವ್ಯಾಪಿಸಿತು. ಈ ಎರಡು ಸಂಖ್ಯೆಗಳನ್ನೂ ಪ್ರತಿ ವಿದ್ಯಾರ್ಥಿಯೂ ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿರತಕ್ಕದ್ದು.

ಇನ್ನು ಆ ಮೂರು ಕಾರಣಗಳನ್ನು ಒಂದೊಂದಾಗಿ ನೋಡೋಣ.

ಭಯವನ್ನು ಕಳೆಯಲು ಹೆಸರನ್ನು ಮರೆಸುತ್ತೇವೆ. ಆದರೆ ನಮ್ಮಂತಹ ಶಾಲೆಯಲ್ಲಿ ಹೆಸರನ್ನು ಮರೆಸುವುದು ಎಷ್ಟು ಸಾಧ್ಯ? ತಮಿಳುನಾಡಿನ ರಾಜಧಾನಿಯಲ್ಲಿ ಕನ್ನಡದಲ್ಲಿ ಓದುವ ಮಕ್ಕಳು ಬೆರಳೆಣಿಕೆಯವರು. ಯಾರ ‘ಕ’ಕಾರ ಹೇಗೆ ಬಾಗುತ್ತದೆ, ಯಾರ ಒತ್ತಕ್ಷರ ಎಲ್ಲಿ ಜಾರುತ್ತದೆ ಎಂಬುದು ತಿದ್ದುವ ಉಪಾಧ್ಯಾಯರಿಗೆಲ್ಲ ಗೊತ್ತು. ರುಜುವಿಲ್ಲದಿದ್ದರೇನು, ಚೀಟಿಯ ಪ್ರತಿ ಸಾಲೂ ರುಜುವೇ. ಆದುದರಿಂದ ಹೆಸರನ್ನು ಕಾಪಾಡುವುದು ಪೆಟ್ಟಿಗೆಯಲ್ಲ, ಕಾಗದವಲ್ಲ. ಅದನ್ನು ತೆರೆದು ಓದುವ ಮನುಷ್ಯನ ಶೀಲ. ಬರಹವನ್ನು ಗುರುತಿಸಿದರೂ ಗುರುತಿಸದವರಂತೆ ಇರಬಲ್ಲವರು, ಸಾಯಂಕಾಲ ಕಾಫಿಯ ಹೊತ್ತಿನಲ್ಲಿ ಸಹೋದ್ಯೋಗಿಗಳೊಡನೆ ಆ ಮಾತನ್ನು ಆಡದವರು ಮಾತ್ರವೇ ಆ ಬೀಗದ ಕೈಯನ್ನು ಹಿಡಿಯಲು ಯೋಗ್ಯರು. ಅದೂ ಒಬ್ಬರ ಕೈಯಲ್ಲಿರಕೂಡದು. ಬೇಲಿಯೇ ಎದ್ದು ಹೊಲ ಮೇಯುವ ಸಂಭವವಿರುವುದರಿಂದ, ಒಬ್ಬ ಪೋಷಕರೂ ಒಬ್ಬ ಉಪಾಧ್ಯಾಯಿನಿಯೂ ಕೂಡಿಯೇ ನಿಯತವಾದ ದಿನದಲ್ಲಿ ಅದನ್ನು ತೆರೆಯತಕ್ಕದ್ದು.

ಹೆಸರಿಲ್ಲದಿರುವುದು ಬೇರೆ, ಹೆಸರನ್ನು ಗೋಪ್ಯವಾಗಿಡುವುದು ಬೇರೆ. ಎರಡನೆಯದು ತಪ್ಪಿದರೆ ಏನಾಗುವುದೆಂಬುದಕ್ಕೆ ದೇಶವೇ ತಲೆತಗ್ಗಿಸಿದ ನಿದರ್ಶನವಿದೆ. ರಾಷ್ಟ್ರೀಯ ಹೆದ್ದಾರಿಯ ಇಂಜಿನಿಯರಾಗಿದ್ದ ಸತ್ಯೇಂದ್ರ ದುಬೆ ಎಂಬ ತರುಣರು ಕಾಮಗಾರಿಯ ಅಕ್ರಮಗಳನ್ನು ಕುರಿತು ಪ್ರಧಾನಮಂತ್ರಿಗಳ ಕಛೇರಿಗೆ ಬರೆದು, ತಮ್ಮ ಹೆಸರನ್ನು ಹೊರಗೆಡಹಬಾರದೆಂದು ಬೇಡಿದ್ದರು. ಆದರೂ ಆ ಪತ್ರವು ಹೆಸರಿನೊಡನೆಯೇ ಕಛೇರಿಯಿಂದ ಕಛೇರಿಗೆ ತಿರುಗಿತು. ೨೦೦೩ರ ನವೆಂಬರ್ ೨೭ರಂದು ಗಯಾ ನಗರದಲ್ಲಿ ಅವರ ಕೊಲೆಯಾಯಿತು. ಕೊಲೆಯು ದರೋಡೆಗಾಗಿ ನಡೆದುದೆಂದು ತನಿಖೆ ನಡೆಸಿದವರು ಹೇಳಿದರಾದರೂ, ನಂಬಿ ಬರೆದವರ ಹೆಸರನ್ನು ಕಾಪಾಡಲಿಲ್ಲವೆಂಬ ಕಳಂಕವು ಅಳಿಯಲಿಲ್ಲ. ಮರುವರ್ಷ ಕೇಂದ್ರ ಸರ್ಕಾರವು ಇಂತಹ ದೂರುಗಾರರ ಹೆಸರನ್ನು ಗೋಪ್ಯವಾಗಿಡುವ ನಿರ್ಣಯವನ್ನು ಹೊರಡಿಸಬೇಕಾಯಿತು. ದೊಡ್ಡವರ ಸಂಗತಿಯೇ ಹೀಗಾದರೆ ಮಗುವಿನ ಹೆಸರನ್ನು ನಾವು ಎಷ್ಟು ಜತನದಿಂದ ಕಾಪಾಡಬೇಕು!

ಎರಡನೆಯದು ನಾಚಿಕೆ. ಇದಕ್ಕೆ ನಾವೇ ಕಾರಣರು. “ಚಾಡಿ ಹೇಳಬೇಡ” ಎಂದು ಮಗುವಿಗೆ ಮೊದಲಿನಿಂದಲೂ ಹೇಳುತ್ತೇವೆ. ಹೇಳುವುದು ಸರಿಯೇ. ಆದರೆ ಚಾಡಿಗೂ ದೂರಿಗೂ ಇರುವ ಅಂತರವನ್ನು ಹೇಳಿಕೊಡುವುದಿಲ್ಲ. ಇನ್ನೊಬ್ಬನಿಗೆ ಪೆಟ್ಟು ಬೀಳಲೆಂದು ಹೇಳುವುದು ಚಾಡಿ. ಇನ್ನೊಬ್ಬನಿಗೆ ಬೀಳುತ್ತಿರುವ ಪೆಟ್ಟು ನಿಲ್ಲಲೆಂದು ಹೇಳುವುದು ದೂರು. ಪಕ್ಕದವನು ಮನೆಲೆಕ್ಕ ಮಾಡಿಲ್ಲವೆಂದು ಉಪಾಧ್ಯಾಯರ ಕಿವಿಯಲ್ಲಿ ಊದುವುದು ಚಾಡಿ. ಪಕ್ಕದವನ ಊಟದ ಹಣವನ್ನು ಯಾರೋ ಕಸಿದುಕೊಳ್ಳುತ್ತಿದ್ದಾರೆಂದು ಹೇಳುವುದು ದೂರು. ಶಾಲೆಯ ಸುತ್ತ ನೂರು ಗಜಗಳೊಳಗೆ ತಂಬಾಕಿನ ಪದಾರ್ಥಗಳನ್ನು ಮಾರಕೂಡದೆಂದು ೨೦೦೩ರ ಕಾಯಿದೆಯೇ ವಿಧಿಸಿರುವಾಗ, ಗೇಟಿನ ಬಳಿಯಲ್ಲಿ ಅದನ್ನು ಮಕ್ಕಳಿಗೆ ಮಾರುವವರನ್ನು ಕುರಿತು ತಿಳಿಸುವುದು ಚಾಡಿಯಲ್ಲ, ಪೌರಧರ್ಮ. ಮಂಥರೆ ಹೇಳಿದುದು ಚಾಡಿ. ಅದರಿಂದ ಒಂದು ಮನೆ ಮುರಿಯಿತು. ಹೇಳದೆ ಉಳಿದ ದೂರಿನಿಂದ ಎಷ್ಟು ಮನೆಗಳು ಮುರಿದಿವೆಯೋ ಎಣಿಸಿದವರಿಲ್ಲ.

ಈ ಅಂತರವನ್ನು ತಿಳಿಸದಿದ್ದರೆ ಆಗುವ ಅನಾಹುತ ಪರದೇಶಗಳಲ್ಲಿಯೂ ಕಂಡುಬಂದಿದೆ. ಅಮೆರಿಕದ ಕೊಲೊರಾಡೊ ಪ್ರಾಂತದ ಕೊಲಂಬೈನ್ ಪ್ರೌಢಶಾಲೆಯಲ್ಲಿ ೧೯೯೯ರ ಏಪ್ರಿಲ್ ೨೦ರಂದು ಇಬ್ಬರು ವಿದ್ಯಾರ್ಥಿಗಳು ಹನ್ನೆರಡು ಮಂದಿ ವಿದ್ಯಾರ್ಥಿಗಳನ್ನೂ ಒಬ್ಬ ಉಪಾಧ್ಯಾಯರನ್ನೂ ಗುಂಡಿಕ್ಕಿ ಕೊಂದರು. ಆ ದೇಶದ ಸರ್ಕಾರದವರು ಇಂತಹ ೩೭ ಪ್ರಕರಣಗಳನ್ನು ಪರಿಶೀಲಿಸಿ ೨೦೦೨ರಲ್ಲಿ ವರದಿಯನ್ನು ಪ್ರಕಟಿಸಿದರು. ನೂರಕ್ಕೆ ೮೧ರಷ್ಟು ಪ್ರಕರಣಗಳಲ್ಲಿ, ಮುಂದೆ ನಡೆಯಲಿರುವುದರ ಸುಳಿವು ಬೇರೆ ಒಬ್ಬರಿಗಾದರೂ ಮೊದಲೇ ಇದ್ದಿತು. ಹಾಗೆ ತಿಳಿದಿದ್ದವರು ಬಹುಮಟ್ಟಿಗೆ ಜೊತೆಯ ಮಕ್ಕಳೇ. ಇದನ್ನು ಮನಗಂಡು ೨೦೦೪ರಲ್ಲಿ ಕೊಲೊರಾಡೊದಲ್ಲಿ, ಹೆಸರು ಹೇಳದೆಯೇ ತಿಳಿಸುವ ‘ಸೇಫ್ ಟು ಟೆಲ್’ ಎಂಬ ಏರ್ಪಾಡು ಆರಂಭವಾಯಿತು. ‘ಹೇಳುವುದು ಕ್ಷೇಮ’ ಎಂಬ ಆ ಹೆಸರಿನಲ್ಲಿಯೇ ಅದರ ತತ್ವವಿದೆ. ಆದರೆ ಅದೇ ದೇಶದಲ್ಲಿ ೧೯೭೬ರಲ್ಲಿ ಹುಟ್ಟಿದ, ಸುಳಿವು ಕೊಟ್ಟವರಿಗೆ ಹಣದ ಬಹುಮಾನವನ್ನು ಕೊಡುವ ಮತ್ತೊಂದು ಪದ್ಧತಿಯೂ ಕ್ರಮೇಣ ಶಾಲೆಗಳನ್ನು ಪ್ರವೇಶಿಸಿತು. ಇದು ಮಾತ್ರ ನಮಗೆ ಬೇಡ. ಸ್ನೇಹಿತನನ್ನು ಉಳಿಸುವುದಕ್ಕೆ ಆಡಿದ ಮಾತಿಗೆ ಬೆಲೆ ಕಟ್ಟಿದೊಡನೆಯೇ ದೂರು ಮರಳಿ ಚಾಡಿಯಾಗುತ್ತದೆ.

ಮೂರನೆಯದಾದ ಅಪನಂಬಿಕೆಯೇ ಎಲ್ಲಕ್ಕಿಂತ ಕಠಿನವಾದುದು. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವೊಂದಕ್ಕಾಗಿ ೧೩ ರಾಜ್ಯಗಳ ೧೨,೪೪೭ ಮಕ್ಕಳನ್ನು ಮಾತನಾಡಿಸಲಾಯಿತು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಗೆ ಗುರಿಯಾಗಿದ್ದರು. ಹಿಂಸೆಗೊಳಗಾದ ಮಕ್ಕಳಲ್ಲಿ ಬಹುಪಾಲು ಯಾರಿಗೂ ಅದನ್ನು ಹೇಳಿರಲಿಲ್ಲ. ಹೇಳಿ ಪ್ರಯೋಜನವೇನು ಎಂಬುದು ಮಗುವಿನ ಒಳಗಿನ ಮಾತು. ಕಾನೂನಾದರೋ ಸ್ಪಷ್ಟವಾಗಿದೆ. ೨೦೧೨ರ ನವೆಂಬರ್ ೧೪ರಿಂದ, ಅಂದರೆ ಮಕ್ಕಳ ದಿನಾಚರಣೆಯ ದಿನದಿಂದಲೇ, ಜಾರಿಗೆ ಬಂದ ಪೋಕ್ಸೋ ಕಾಯಿದೆಯಂತೆ, ಮಗುವಿನ ಮೇಲಿನ ಲೈಂಗಿಕ ಅಪರಾಧವು ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸವುಂಟು. ಹೇಳದಿದ್ದ ಮಗುವಿಗೆ ಮಾತ್ರ ಶಿಕ್ಷೆಯಿಲ್ಲ. ಹೇಳಿದುದು ತಪ್ಪಾಗಿದ್ದರೂ ಮಗುವಿಗೆ ಶಿಕ್ಷೆಯಿಲ್ಲ. ಶಾಲೆಯ ಮಾನ ಹೋದೀತೆಂದು ಚೀಟಿಯನ್ನು ಮೇಜಿನೊಳಗೆ ಅಡಗಿಸುವವರು ಇದನ್ನು ನೆನೆಯತಕ್ಕದ್ದು. ಚೀಟಿಯನ್ನು ಅಡಗಿಸಿದಾಗಲೇ ಶಾಲೆಯ ಮಾನ ಹೋಯಿತು. ಲೋಕಕ್ಕೆ ಅದು ತಿಳಿಯುವುದು ಆಮೇಲೆ.

ಹಾಗಾದರೆ ಸುಳ್ಳು ಚೀಟಿಯ ಪಾಡೇನು ಎಂದು ಕೇಳುವವರುಂಟು. ಕೇಳುವುದು ನ್ಯಾಯ. ಮಕ್ಕಳೂ ಸುಳ್ಳು ಹೇಳಬಹುದು. ಅಂಕ ಕಡಿಮೆ ಕೊಟ್ಟ ಉಪಾಧ್ಯಾಯರ ಮೇಲೆ ಮುನಿದು ಬರೆಯಬಹುದು. ಆದುದರಿಂದಲೇ ಹೆಸರಿಲ್ಲದ ಚೀಟಿಯನ್ನು ತೀರ್ಪೆಂದು ತಿಳಿಯಬಾರದು, ಗಂಟೆಯೆಂದು ತಿಳಿಯಬೇಕು. ಬೆಂಕಿಯ ಗಂಟೆ ಬಾರಿಸಿದಾಗ ನಾವು ಮೊದಲು ಓಡಿಹೋಗಿ ನೋಡುತ್ತೇವೆ, ಹೊಗೆಯಿಲ್ಲದಿದ್ದರೆ ಹಿಂದಿರುಗುತ್ತೇವೆ. ಬಾರಿಸಿದವರು ಯಾರೆಂದು ತಿಳಿಯುವವರೆಗೆ ಕುಳಿತಿರುವುದೂ ತಪ್ಪು. ನೋಡುವುದಕ್ಕೆ ಮೊದಲೇ ಮನೆಯವನನ್ನು ದಂಡಿಸುವುದೂ ತಪ್ಪು. ಆರೋಪ ಹೊತ್ತವನು ಹುಡುಗನಾಗಲಿ ಉಪಾಧ್ಯಾಯನಾಗಲಿ, ವಿಚಾರಣೆ ಮುಗಿಯುವವರೆಗೆ ಅವನ ಹೆಸರೂ ಹೊರಗೆ ಹೋಗಕೂಡದು. ಅವನ ಮಾತನ್ನೂ ಕೇಳತಕ್ಕದ್ದು. ಬರೆದ ಮಗುವಿಗೆ ಸಲ್ಲುವ ಗೋಪ್ಯವೇ ಬರೆಯಿಸಿಕೊಂಡವನಿಗೂ ಸಲ್ಲಬೇಕು.

ಇನ್ನೊಂದು ಮಾತು ಹೊರನಾಡಿನ ಕನ್ನಡಿಗರಾದ ನಮಗೇ ವಿಶೇಷವಾಗಿ ಸೇರಿದುದು. ನಮ್ಮ ಮಕ್ಕಳು ಬೀದಿಯಲ್ಲಿ ತಮಿಳನ್ನೂ ಪುಸ್ತಕದಲ್ಲಿ ಇಂಗ್ಲಿಷನ್ನೂ ಚೆನ್ನಾಗಿಯೇ ಬಳಸುತ್ತಾರೆ. ಆದರೆ ಅಳು ಬರುವುದು ತಾಯ ನುಡಿಯಲ್ಲಿ. ನೋವನ್ನು ಹೇಳುವಾಗ ವ್ಯಾಕರಣವನ್ನು ನೆನೆಯುವ ಕಷ್ಟವನ್ನು ಮಗುವಿಗೆ ಕೊಡಬಾರದು. ಪೆಟ್ಟಿಗೆಯ ಮೇಲಿನ ಬರಹವೂ ಕನ್ನಡದಲ್ಲಿರಲಿ. ಚೀಟಿಯನ್ನು ಓದುವ ಸಮಿತಿಯಲ್ಲಿ ಕನ್ನಡ ಬಲ್ಲವರಿರಲಿ. ಇಲಾಖೆಗೋ ಪೊಲೀಸರಿಗೋ ಅದನ್ನು ತಿಳಿಸುವಾಗ ತಮಿಳಿನಲ್ಲಿ ಸರಿಯಾಗಿ ಬರೆದುಕೊಡುವ ಹೊಣೆ ಹಿರಿಯರದಾಗಲಿ. ಚೀಟಿಯನ್ನು ಓದಿದ ಬಳಿಕ, ಯಾರ ಹೆಸರನ್ನೂ ಎತ್ತದೆ, “ಇಂತಹ ದೂರೊಂದು ಬಂದಿತು, ಇಂತಹ ಕ್ರಮ ಕೈಗೊಂಡೆವು” ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ತಿಳಿಸುವುದೂ ಅವಶ್ಯ. ಮರುಮಾತಿಲ್ಲದ ಪೆಟ್ಟಿಗೆಗೆ ಎರಡನೆಯ ಚೀಟಿ ಬೀಳುವುದಿಲ್ಲ.

ಮದರಾಸಿನ ಉಚ್ಚ ನ್ಯಾಯಾಲಯದ ಆವರಣದಲ್ಲಿ ಮನುನೀತಿ ಚೋಳನ ಪ್ರತಿಮೆಯೊಂದಿದೆ. ಆ ಅರಸನ ಕಥೆಯನ್ನು ಈ ನಾಡಿನ ಮಕ್ಕಳೆಲ್ಲರೂ ಬಲ್ಲರು. ಅನ್ಯಾಯಕ್ಕೊಳಗಾದವರು ಯಾರಾದರೂ ಬಂದು ಬಾರಿಸಲೆಂದು ಅವನು ಅರಮನೆಯ ಬಾಗಿಲಲ್ಲಿ ಗಂಟೆಯನ್ನು ಕಟ್ಟಿಸಿದ್ದನು. ರಾಜಕುಮಾರನ ರಥದ ಚಕ್ರಕ್ಕೆ ಸಿಕ್ಕಿ ಕರುವೊಂದು ಸತ್ತಾಗ ತಾಯಿಹಸು ಬಂದು ಆ ಗಂಟೆಯನ್ನು ಎಳೆಯಿತು. ಹಸುವಿಗೆ ರುಜು ಹಾಕಲು ಬರುವುದೆ? ಸಾಕ್ಷಿ ಹೇಳಲು ಬರುವುದೆ? ಅದರದು ನಿಜವಾದ ಮೂಗರ್ಜಿ. ಅರಸನು ಎದ್ದು ಬಂದನು, ವಿಚಾರಿಸಿದನು, ತನ್ನ ಮಗನೆಂದು ಹಿಂಜರಿಯಲಿಲ್ಲ. ಅವನು ವಿಧಿಸಿದ ಶಿಕ್ಷೆಯ ಉಗ್ರತೆ ನಮಗೆ ಆದರ್ಶವಲ್ಲ. ಅವನ ಕಿವಿ ಮಾತ್ರ ಆದರ್ಶ. ಗಂಟೆಯನ್ನು ಕಟ್ಟಿಸಿದುದರಿಂದ ಅವನು ದೊಡ್ಡವನಾಗಲಿಲ್ಲ. ಗಂಟೆ ಬಾರಿಸಿದಾಗ ಎದ್ದು ಬಂದುದರಿಂದ ದೊಡ್ಡವನಾದನು.

ಪೆಟ್ಟಿಗೆಯ ಸಾರ್ಥಕತೆಗೂ ಇದೇ ಅಳತೆ. ಎಷ್ಟು ಚೀಟಿಗಳು ಬಿದ್ದುವೆಂದು ಎಣಿಸುವುದು ಬೇಡ. ಮೊದಲ ವರ್ಷ ಹೆಸರಿಲ್ಲದ ಚೀಟಿಗಳು ಬರಲಿ. ಹಿರಿಯರು ನಂಬಿಕೆಯನ್ನು ಗಳಿಸಿದ ಮೇಲೆ, ಒಂದು ದಿನ ಚೀಟಿಯ ಕೆಳಗೆ ಒಬ್ಬ ಹುಡುಗಿಯ ಅಥವಾ ಹುಡುಗನ ಹೆಸರು ತಾನಾಗಿಯೇ ಕಂಡೀತು. ಮತ್ತೊಂದು ದಿನ ಚೀಟಿಯೂ ಬೇಡವೆಂದು ಮಗುವೇ ಬಂದು ಬಾಗಿಲಲ್ಲಿ ನಿಂತೀತು. ಆ ದಿನದವರೆಗೆ ಪೆಟ್ಟಿಗೆ ಅಲ್ಲಿರಲಿ. ವಿದ್ಯಾರ್ಥಿ ಮಿತ್ರರೆ, ನಿಮ್ಮ ಪಕ್ಕದ ಮಣೆ ಬರಿದಾಗುವ ಮೊದಲೇ ಬರೆಯಿರಿ. ಉಪಾಧ್ಯಾಯ ಬಂಧುಗಳೆ, ಮಗು ಬಾಗಿಲಲ್ಲಿ ನಿಂತ ದಿನ ನಿಮ್ಮ ಕೈಯ ಕೆಲಸವನ್ನು ಪಕ್ಕಕ್ಕಿಟ್ಟು ತಲೆಯೆತ್ತಿ ನೋಡಿರಿ.